ತೆರೆದ ಮೂತ್ರಕೋಶ: ಅಪೂರ್ವ ವ್ಯಾಧಿಯೊಂದೂ ಶಸ್ತ್ರವೈದ್ಯನ ಕೈ ಪಳಗುವ ಬಗೆಯೂ

ಬೂದುಗುಂಬಳ, ಸೋರೆಕಾಯಿ, ಕಲ್ಲಂಗಡಿ, ಸೌತೆಕಾಯಿ ಇವು ಅಡಿಗೆಯ ಮನೆಗೆ ಸೇರಿದ ಪದಾರ್ಥಗಳೆಂಬುದನ್ನು ಎಲ್ಲರೂ ಬಲ್ಲರು. ಆದರೆ ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿದರೆ ಇವುಗಳಿಗೆ ಶಸ್ತ್ರವೈದ್ಯದ ಪಾಠಶಾಲೆಯಲ್ಲಿಯೂ ಸ್ಥಾನವಿದ್ದಿತೆಂಬುದು ತಿಳಿಯುತ್ತದೆ. ಕೊಯ್ಯುವ ಕೆಲಸವನ್ನು ಕಲಿಯಬೇಕಾದ ಶಿಷ್ಯನು ಮೊದಲು ಈ ಕಾಯಿಗಳ ಮೇಲೆ ಕೈ ನಡೆಸಬೇಕು. ಸೀಳುವುದನ್ನು ನೀರೂ ಕೆಸರೂ ತುಂಬಿದ ಚರ್ಮದ ಚೀಲಗಳ ಮೇಲೆ, ಪ್ರಾಣಿಗಳ ಮೂತ್ರಕೋಶಗಳ ಮೇಲೆ ಅಭ್ಯಾಸ ಮಾಡಬೇಕು ಎಂದು ಅಲ್ಲಿ ವಿಧಿಸಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ್ದರೂ ಇಂಥ ಅಭ್ಯಾಸವಿಲ್ಲದವನು ರೋಗಿಯ ಮೇಲೆ ಕೈಯಿಡಲು ಅರ್ಹನಲ್ಲವೆಂಬುದು ಆ ಗ್ರಂಥದ ಅಭಿಪ್ರಾಯ. ಅದೇ ಗ್ರಂಥದಲ್ಲಿ ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವೂ ಬಂದಿದೆ. ಈ ಕೆಲಸ ಮಾಡದೆ ಬಿಟ್ಟರೆ ಮರಣ ನಿಶ್ಚಯ, ಮಾಡಿದರೆ ಉಳಿಯುವುದು ಸಂದೇಹ, ಆದುದರಿಂದ ಒಡೆಯನಾದವನ ಅಪ್ಪಣೆಯನ್ನು ಪಡೆದೇ ಕೈಹಾಕಬೇಕು ಎಂಬ ಎಚ್ಚರಿಕೆಯೂ ಅಲ್ಲಿದೆ.

ಮೂತ್ರಕೋಶದ ಕಲ್ಲು ಆ ಕಾಲಕ್ಕೆ ಸಾಮಾನ್ಯವಾದ ವ್ಯಾಧಿ. ಅದನ್ನು ಗುರುವು ಮಾಡುವಾಗ ಶಿಷ್ಯನು ಹತ್ತು ಸಲ ನೋಡಬಹುದಾಗಿದ್ದಿತು. ಹನ್ನೊಂದನೆಯ ಸಲ ತಾನೇ ಮಾಡಬಹುದಾಗಿದ್ದಿತು. ಆದರೆ ವರ್ಷಕ್ಕೊಂದು ಬಾರಿಯೂ ಕಣ್ಣಿಗೆ ಬೀಳದಿರುವ ವ್ಯಾಧಿಯ ಮೇಲೆ ವೈದ್ಯನು ಕೈ ಪಳಗಿಸಿಕೊಳ್ಳುವುದು ಹೇಗೆ? ಅದಕ್ಕೆ ಸೋರೆಕಾಯಿಯೂ ಇಲ್ಲ, ಚರ್ಮದ ಚೀಲವೂ ಇಲ್ಲ. ಹಾಗೆಂದು ಮೊದಲನೆಯ ರೋಗಿಯನ್ನೇ ಅಭ್ಯಾಸದ ವಸ್ತುವನ್ನಾಗಿ ಮಾಡಿಕೊಳ್ಳುವುದೂ ಸಲ್ಲದು. ಈ ಪ್ರಶ್ನೆ ವೈದ್ಯಶಿಕ್ಷಣದ ಎಲ್ಲ ಶಾಖೆಗಳಲ್ಲಿಯೂ ಇರುವುದಾದರೂ ಮೂತ್ರಾಂಗಗಳ ಶಸ್ತ್ರವೈದ್ಯದಲ್ಲಿ, ಎಂದರೆ ಯೂರಾಲಜಿಯಲ್ಲಿ, ಬಹಳ ತೀಕ್ಷ್ಣವಾಗಿ ಎದ್ದು ಕಾಣುತ್ತದೆ. ಅದನ್ನು ಒಂದೇ ಒಂದು ವ್ಯಾಧಿಯ ಮೂಲಕ ನಾವು ಇಲ್ಲಿ ಪರಿಶೀಲಿಸುವೆವು.

ಮೊದಲು ಅಂಗಗಳ ಪರಿಚಯವನ್ನು ಚುರುಕಾಗಿ ಮಾಡಿಕೊಳ್ಳೋಣ. ಬೆನ್ನಿನ ಕೆಳಭಾಗದಲ್ಲಿ ಎರಡು ಮೂತ್ರಪಿಂಡಗಳಿವೆ. ಇವು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬಹುಭಾಗವನ್ನು ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತವೆ. ಆ ಮೂತ್ರವು ಎರಡು ನಾಳಗಳ ಮೂಲಕ ಕೆಳಗಿಳಿದು ಮೂತ್ರಕೋಶದಲ್ಲಿ ಸಂಗ್ರಹವಾಗುತ್ತದೆ. ಮೂತ್ರಕೋಶವು ಸ್ನಾಯುವಿನಿಂದಾದ ಒಂದು ಚೀಲ. ತುಂಬುವಾಗ ಸಡಿಲವಾಗಿಯೂ ಖಾಲಿಯಾಗುವಾಗ ಬಿಗಿಯಾಗಿಯೂ ವರ್ತಿಸುವುದು ಅದರ ಗುಣ. ಅದರ ಕೊರಳಿನಲ್ಲಿ ಬಿಗಿಹಿಡಿಯುವ ಸ್ನಾಯುಗಳುಂಟು. ಅಲ್ಲಿಂದ ಹೊರದಾರಿ. ಈ ಚೀಲದ ಇರುವಿಕೆಯನ್ನು ನಾವು ದಿನಕ್ಕೆ ಐದಾರು ಸಲ ಹೊರತು ನೆನೆಯುವುದೇ ಇಲ್ಲ. ಪಾಠಶಾಲೆಯಲ್ಲಿ ಮೂರು ಗಂಟೆಯ ಪರೀಕ್ಷೆಯನ್ನು ಎದ್ದುಹೋಗದೆ ಬರೆಯಲು ಸಾಧ್ಯವಾಗಿರುವುದು ಈ ಚೀಲದ ಕೃಪೆಯಿಂದಲೇ ಎಂಬುದನ್ನು ಯಾವ ವಿದ್ಯಾರ್ಥಿಯೂ ಯೋಚಿಸಿರಲಾರನು.

ಈ ಚೀಲವು ಚೀಲವಾಗಿಯೇ ಇಲ್ಲದೆ ಮಗು ಹುಟ್ಟಿದರೆ? ಅಪರೂಪಕ್ಕೆ ಹಾಗೂ ಆಗುವುದುಂಟು. ಹೊಕ್ಕುಳ ಕೆಳಗಿನ ಹೊಟ್ಟೆಯ ಗೋಡೆ ಮುಚ್ಚಿಕೊಳ್ಳದೆ, ಮೂತ್ರಕೋಶದ ಮುಂಭಾಗವೂ ಮುಚ್ಚಿಕೊಳ್ಳದೆ, ಒಳಮೈಯೇ ಹೊರಮೈಯಾಗಿ ಕೆಂಪು ಪೊರೆಯಂತೆ ಹೊಟ್ಟೆಯ ಮೇಲೆ ಹರಡಿಕೊಂಡಿರುತ್ತದೆ. ಎರಡು ನಾಳಗಳ ಬಾಯಿಗಳು ಆ ಪೊರೆಯ ಮೇಲೆ ಕಣ್ಣಿಗೆ ಕಾಣುವಂತೆ ಇದ್ದು, ಅವುಗಳಿಂದ ಮೂತ್ರವು ಹನಿಹನಿಯಾಗಿ ಸದಾ ಜಿನುಗುತ್ತಿರುತ್ತದೆ. ಫ್ರಾನ್ಸಿನ ಶೋಸಿಯೆ ಎಂಬಾತನು ೧೭೮೦ರಲ್ಲಿ ಇದಕ್ಕೆ ಎಕ್ಸ್‌ಟ್ರೋಫಿ ಎಂಬ ಹೆಸರನ್ನು ಕೊಟ್ಟನು. ಒಳಗಿನದನ್ನು ಹೊರಮಗ್ಗುಲಿಗೆ ತಿರುಗಿಸುವುದು ಎಂಬುದು ಈ ಗ್ರೀಕ್ ಮೂಲದ ಶಬ್ದದ ಅರ್ಥ. ನಾವು ಇದನ್ನು ತೆರೆದ ಮೂತ್ರಕೋಶವೆಂದು ಕರೆಯುವೆವು.

ದೋಷವು ಮೂತ್ರಕೋಶವೊಂದರಲ್ಲಿಯೇ ನಿಂತಿರುವುದಿಲ್ಲ. ಸೊಂಟದ ಎಲುಬುಗಳೆರಡೂ ಮುಂಭಾಗದಲ್ಲಿ, ಜನನೇಂದ್ರಿಯದ ಮೇಲ್ಗಡೆ, ಒಂದನ್ನೊಂದು ಕೂಡಿಕೊಂಡಿರಬೇಕಷ್ಟೆ. ಆರೋಗ್ಯವಂತ ಮಗುವಿನಲ್ಲಿ ಇವುಗಳ ನಡುವಣ ಅಂತರವು ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ಈ ಮಕ್ಕಳಲ್ಲಿ ಅದು ನಾಲ್ಕೈದು ಸೆಂಟಿಮೀಟರಿನವರೆಗೂ ಇರಬಹುದು. ಬೆನ್ನನ್ನು ಮೇಜಿನ ಮೇಲೂರಿ ತೆರೆದಿಟ್ಟ ಪುಸ್ತಕದಂತೆ ಇಡೀ ಸೊಂಟದ ಎಲುಬಿನ ಬಳೆಯೇ ಹೊರಕ್ಕೆ ಬಾಗಿರುತ್ತದೆ. ಹೊಕ್ಕುಳು ಇರಬೇಕಾದ ಸ್ಥಳಕ್ಕಿಂತ ಕೆಳಗಿರುತ್ತದೆ. ಜನನೇಂದ್ರಿಯದ ರಚನೆಯೂ ಸೀಳಿಕೊಂಡಂತಿರುತ್ತದೆ. ಇಷ್ಟೆಲ್ಲ ಇದ್ದರೂ ಮೂತ್ರಪಿಂಡಗಳು ಬಹುಮಟ್ಟಿಗೆ ಸುಸ್ಥಿತಿಯಲ್ಲಿಯೇ ಇರುತ್ತವೆ. ಮಗುವಿನ ಹೃದಯ, ಮಿದುಳು, ಬುದ್ಧಿ ಯಾವುದಕ್ಕೂ ಸಾಮಾನ್ಯವಾಗಿ ಊನವಿರುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಎಲ್ಲ ವಿಧದಲ್ಲಿಯೂ ಬದುಕಿ ಬಾಳಬಲ್ಲ ಮಗು ಇದು. ಬಟ್ಟೆ ಒದ್ದೆಯಾಗುವುದೂ ವಾಸನೆ ಬರುವುದೂ ಮಾತ್ರ ಇದನ್ನು ಶಾಲೆಯಿಂದಲೂ ಸಮಾಜದಿಂದಲೂ ದೂರವಿಡುತ್ತವೆ.

ಹೀಗೇಕಾಗುತ್ತದೆ? ಗರ್ಭ ನಿಂತ ನಾಲ್ಕನೆಯ ವಾರದ ಸುಮಾರಿಗೆ ಭ್ರೂಣದ ಹೊಟ್ಟೆಯ ಕೆಳಭಾಗವು ಒಂದು ತೆಳು ಪೊರೆಯಿಂದ ಮುಚ್ಚಿರುತ್ತದೆ. ಈ ಪೊರೆಗೆ ಎರಡೇ ಪದರಗಳು, ಹೊರಗಿನದೊಂದು, ಒಳಗಿನದೊಂದು. ಮುಂದೆ ಈ ಎರಡು ಪದರಗಳ ನಡುವೆ ಮೂರನೆಯದೊಂದು ಅಂಗಾಂಶವು ಎರಡು ಪಕ್ಕಗಳಿಂದಲೂ ಬಂದು ಸೇರಿಕೊಳ್ಳಬೇಕು. ಹೊಟ್ಟೆಯ ಸ್ನಾಯುಗಳೂ ಸೊಂಟದ ಮುಂಭಾಗದ ಎಲುಬೂ ಆ ಮೂರನೆಯ ಅಂಗಾಂಶದಿಂದಲೇ ಆಗತಕ್ಕವು. ಅದು ಬಾರದೆ ಹೋದರೆ ಪೊರೆಗೆ ಬಲವೇ ಇರುವುದಿಲ್ಲ. ಬಲವಿಲ್ಲದ ಪೊರೆ ಹರಿದುಹೋಗುತ್ತದೆ. ಅದರ ಹಿಂದಿರುವ ಮೂತ್ರಕೋಶವು ಬಯಲಾಗುತ್ತದೆ. ಎಷ್ಟು ಬೇಗ, ಎಷ್ಟು ಅಗಲವಾಗಿ ಹರಿಯಿತೆಂಬುದರ ಮೇಲೆ ದೋಷದ ತಾರತಮ್ಯವು ನಿಂತಿದೆ. ಬಹಳ ಬೇಗ ಹರಿದರೆ ಕರುಳೂ ಹೊರಬರುವುದುಂಟು. ಕೊಂಚವೇ ಆದರೆ ಮೂತ್ರದ ಹೊರದಾರಿ ಮಾತ್ರ ಸೀಳಿರುತ್ತದೆ. ಮಧ್ಯದ ಸ್ಥಿತಿಯೇ ತೆರೆದ ಮೂತ್ರಕೋಶ.

ಆ ಅಂಗಾಂಶವು ಬಾರದಿರಲು ಮೂಲಕಾರಣವೇನೆಂಬುದು ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲ. ಕೆಲವು ಜೀನುಗಳ ಪಾತ್ರವು ಈಚಿನ ಸಂಶೋಧನೆಗಳಲ್ಲಿ ಕಂಡುಬಂದಿದೆ. ನಮ್ಮ ಹಳ್ಳಿಗಳಲ್ಲಿ, ಪಟ್ಟಣಗಳಲ್ಲಿಯೂ, ಇಂಥ ಮಗು ಹುಟ್ಟಿದೊಡನೆ ಗ್ರಹಣಕಾಲದಲ್ಲಿ ಬಸುರಿಯು ಹೊರಗೆ ಬಂದಳೆಂದೋ ತರಕಾರಿ ಹೆಚ್ಚಿದಳೆಂದೋ ತಾಯಿಯನ್ನು ಹಳಿಯುವವರು ಉಂಟು. ನಾಲ್ಕನೆಯ ವಾರವೆಂದರೆ ತಾನು ಬಸುರಿಯೆಂಬುದೇ ಎಷ್ಟೋ ಹೆಂಗಸರಿಗೆ ತಿಳಿಯದಿರುವ ಕಾಲ. ತಾಯಿಯ ನಡತೆಗೂ ಚಂದ್ರಸೂರ್ಯರಿಗೂ ಇದರಲ್ಲಿ ಯಾವ ಪಾತ್ರವೂ ಇಲ್ಲ. ಆ ಹೆಣ್ಣುಮಗಳ ದುಃಖಕ್ಕೆ ಅಪವಾದವನ್ನೂ ಸೇರಿಸುವುದು ಕ್ರೌರ್ಯವೆಂದು ನಮ್ಮ ಭಾವನೆ.

ಇನ್ನು ಲೆಕ್ಕಕ್ಕೆ ಬರೋಣ. ಹುಟ್ಟುವ ೩೦,೦೦೦ದಿಂದ ೫೦,೦೦೦ ಶಿಶುಗಳಲ್ಲಿ ಒಂದಕ್ಕೆ ಈ ದೋಷವಿರುವುದೆಂದು ಅಂದಾಜು. ಗಂಡುಮಕ್ಕಳಲ್ಲಿ ಹೆಚ್ಚು. ೫೦,೦೦೦ಕ್ಕೆ ಒಂದು ಎಂಬುದನ್ನೇ ಹಿಡಿದರೂ, ವರ್ಷಕ್ಕೆ ಎರಡು ಕೋಟಿಗೂ ಮಿಕ್ಕು ಶಿಶುಗಳು ಜನಿಸುವ ಭಾರತದಲ್ಲಿ ಇಂಥ ಮಕ್ಕಳ ಸಂಖ್ಯೆ ೪೦೦ನ್ನು ಮೀರಬೇಕು. ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಜನನಗಳೆಂದು ಎಣಿಸಿದರೆ ಇಪ್ಪತ್ತರಷ್ಟಾಯಿತು. ನಮ್ಮ ರಾಜ್ಯದಲ್ಲಿ ಅರವತ್ತಕ್ಕೂ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ. ಈ ಇಪ್ಪತ್ತು ಮಕ್ಕಳನ್ನು ಆ ಕಾಲೇಜುಗಳಿಗೆ ಸಮನಾಗಿ ಹಂಚಿದರೆ ಒಂದೊಂದು ಕಾಲೇಜಿಗೆ ಮೂರು ವರ್ಷಕ್ಕೆ ಒಂದು ಮಗು! ಯೂರಾಲಜಿಯಲ್ಲಾಗಲಿ ಶಿಶುಶಸ್ತ್ರವೈದ್ಯದಲ್ಲಾಗಲಿ ಉನ್ನತ ವ್ಯಾಸಂಗದ ಅವಧಿಯೂ ಮೂರೇ ವರ್ಷ. ಎಂದರೆ ಒಬ್ಬ ವಿದ್ಯಾರ್ಥಿವೈದ್ಯನು ತನ್ನ ಶಿಕ್ಷಣಕಾಲದಲ್ಲೆಲ್ಲ ಇಂಥ ಒಂದೇ ಒಂದು ಶಸ್ತ್ರಕ್ರಿಯೆಯನ್ನು ಕಂಡರೆ ಕಂಡಾನು. ಅಂದು ಅವನಿಗೆ ರಜೆಯಿದ್ದರೆ ಅದೂ ಇಲ್ಲ. ನಮ್ಮ ಪ್ರಶ್ನೆಯ ತಿರುಳೆಲ್ಲ ಈ ಚಿಕ್ಕ ಭಾಗಾಕಾರದಲ್ಲಿ ಅಡಗಿದೆ.

ಹಿಂದಿನವರು ಈ ವ್ಯಾಧಿಗೆ ಏನು ಮಾಡುತ್ತಿದ್ದರು? ಬಹುಕಾಲ ಏನನ್ನೂ ಮಾಡುತ್ತಿರಲಿಲ್ಲ. ೧೮೫೧ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜಾನ್ ಸೈಮನ್ ಎಂಬಾತನು ೧೩ ವರ್ಷದ ಹುಡುಗನೊಬ್ಬನಲ್ಲಿ ಮೂತ್ರನಾಳಗಳಿಂದ ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ದಾರಿಮಾಡಿದನು. ಮೂತ್ರಕೋಶವಿಲ್ಲದಿದ್ದರೇನು, ಮಲವನ್ನು ತಡೆದಿಡುವ ಸ್ನಾಯು ಮೂತ್ರವನ್ನೂ ತಡೆದಿಡಲಿ ಎಂಬುದು ಅವನ ಯುಕ್ತಿ. ಹುಡುಗನು ಸುಮಾರು ಒಂದು ವರ್ಷ ಬದುಕಿದ್ದನು. ಯುಕ್ತಿಯು ಮಾತ್ರ ಉಳಿಯಿತು. ಮುಂದಿನ ನೂರು ವರ್ಷ ಬೇರೆ ಬೇರೆ ಶಸ್ತ್ರವೈದ್ಯರು ಅದನ್ನು ತಿದ್ದಿ ತೀಡಿ ಬಳಕೆಗೆ ತಂದರು. ಎಷ್ಟೋ ಮಕ್ಕಳ ಬಟ್ಟೆ ಒಣಗಿತು, ಅವರು ಶಾಲೆಗೆ ಹೋದರು. ಆದರೆ ಪ್ರಕೃತಿಯನ್ನು ಸುಲಭವಾಗಿ ಮೋಸಗೊಳಿಸಲಾಗುವುದಿಲ್ಲ. ಕರುಳಿನ ಕೆಲಸ ಹೀರುವುದು. ಅದು ಮೂತ್ರದೊಳಗಿನ ಕ್ಲೋರೈಡು ಮೊದಲಾದ ಲವಣಗಳನ್ನು ಹೀರಿಕೊಂಡು ರಕ್ತವನ್ನು ಆಮ್ಲೀಯವಾಗಿಸುತ್ತದೆ ಎಂಬುದನ್ನು ೧೯೫೦ರಲ್ಲಿ ಅಮೆರಿಕದ ಫೆರಿಸ್ ಮತ್ತು ಓಡೆಲ್ ಎಂಬವರು ವಿವರಿಸಿದರು. ಮಲದೊಳಗಣ ಸೂಕ್ಷ್ಮಾಣುಗಳು ಮೂತ್ರಪಿಂಡಕ್ಕೇರಿ ಅದನ್ನು ಕೆಡಿಸುತ್ತಿದ್ದುವು. ಇನ್ನೂ ಭಯಂಕರವಾದ ಸಂಗತಿಯೆಂದರೆ, ಇಪ್ಪತ್ತು ಮೂವತ್ತು ವರ್ಷ ಸುಖವಾಗಿದ್ದವರಲ್ಲಿಯೂ ಮೂತ್ರನಾಳವು ಕರುಳನ್ನು ಕೂಡಿದ ಎಡೆಯಲ್ಲಿಯೇ ಕ್ಯಾನ್ಸರು ಕಾಣಿಸಿಕೊಳ್ಳುವ ಸಂಭವವು ಹೆಚ್ಚಾಗಿದ್ದಿತು. ಒಂದು ಶಸ್ತ್ರಕ್ರಿಯೆಯ ಗುಣದೋಷಗಳನ್ನು ತಿಳಿಯಲು ಶಸ್ತ್ರವೈದ್ಯನ ಒಂದು ಆಯುಷ್ಯವೇ ಬೇಕಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತಿಳಿಯದು.

ತೆರೆದುದನ್ನು ಮುಚ್ಚುವುದೇ ಸರಿಯಾದ ದಾರಿಯೆಂದು ಯೋಚಿಸಿದವರೂ ಇದ್ದರು. ಜರ್ಮನಿಯ ಟ್ರೆಂಡೆಲೆನ್‌ಬುರ್ಗ್ ಎಂಬ ಶಸ್ತ್ರವೈದ್ಯನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸೊಂಟದ ಎಲುಬಿನ ಬಳೆಯನ್ನು ಹಿಂದಿನಿಂದ ಸಡಿಲಿಸಿ ಮುಂದೆ ಕೂಡಿಸದ ಹೊರತು ಹೊಲಿಗೆ ನಿಲ್ಲದೆಂದು ಕಂಡುಕೊಂಡನು. ರೋಗಿಯ ತಲೆಯನ್ನು ತಗ್ಗಿಸಿ ಕಾಲುಗಳನ್ನು ಎತ್ತರಿಸುವ ಭಂಗಿಗೆ ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲಿಯೂ ಇವನ ಹೆಸರೇ ಇದೆ. ತತ್ತ್ವವು ಸರಳ. ಅಗಲವಾಗಿ ತೆರೆದ ಸಂಚಿಯ ಬಾಯನ್ನು ಚೌಕಟ್ಟು ಮುಚ್ಚದೆ ದಾರದಿಂದ ಎಳೆದು ಕಟ್ಟಿದರೆ ದಾರವೇ ಬಟ್ಟೆಯನ್ನು ಕುಯ್ಯುತ್ತದೆ.

ಇಲ್ಲಿ ನಮ್ಮ ಕಥೆ ಶಿಕ್ಷಣದ ಕಡೆಗೆ ಹೊರಳುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ತೆರೆಯಿತು. ಅಲ್ಲಿನ ಶಸ್ತ್ರವೈದ್ಯ ಮುಖ್ಯರಾದ ವಿಲಿಯಂ ಹಾಲ್‌ಸ್ಟೆಡ್ ಅವರು ಜರ್ಮನಿಯ ಪದ್ಧತಿಯನ್ನು ಮಾದರಿಯಾಗಿಟ್ಟುಕೊಂಡು ಹೊಸದೊಂದು ಕ್ರಮವನ್ನು ರೂಢಿಸಿದರು. ಪದವಿ ಪಡೆದ ತರುಣವೈದ್ಯನು ಆಸ್ಪತ್ರೆಯಲ್ಲಿಯೇ ವಾಸಿಸಬೇಕು. ಮೊದಲು ನೋಡಬೇಕು, ಆಮೇಲೆ ನೆರವಾಗಬೇಕು, ಬಳಿಕ ಹಿರಿಯರ ಕಣ್ಣೆದುರಿನಲ್ಲಿ ಮಾಡಬೇಕು, ಕಟ್ಟಕಡೆಗೆ ಸ್ವತಂತ್ರವಾಗಿ ಮಾಡಬೇಕು. ಆಸ್ಪತ್ರೆಯಲ್ಲಿ ವಾಸಿಸುವವನಾದುದರಿಂದ ಅವನಿಗೆ ರೆಸಿಡೆಂಟ್, ನಿವಾಸಿವೈದ್ಯ, ಎಂದು ಹೆಸರಾಯಿತು. ಇಷ್ಟು ವರ್ಷ ಎಂಬ ಗಡುವು ಆಗ ಇರಲಿಲ್ಲ. ಹಾಲ್‌ಸ್ಟೆಡ್ ಅವರಿಗೆ ತೃಪ್ತಿಯಾದಾಗ ಶಿಕ್ಷಣ ಮುಗಿಯುತ್ತಿತ್ತು. ಇಂದಿನ ವಿದ್ಯಾರ್ಥಿಗಳು ಇದನ್ನು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೆ ಹೊಣೆಯನ್ನು ಮೆಟ್ಟಲು ಮೆಟ್ಟಲಾಗಿ ಏರಿಸುವ ಆ ತತ್ತ್ವವು ಇಂದು ಲೋಕದ ಎಲ್ಲೆಡೆಯೂ ಆಚರಣೆಯಲ್ಲಿದೆ.

ಹಾಲ್‌ಸ್ಟೆಡ್ ಅವರ ಬಳಿ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ೨೭ ವರ್ಷದ ತರುಣನಿದ್ದನು. ೧೮೯೭ರಲ್ಲಿ ಒಂದು ದಿನ ಆತನು ಆಸ್ಪತ್ರೆಯ ಮೊಗಸಾಲೆಯಲ್ಲಿ ಓಡುತ್ತ ಬಂದು ಗುರುಗಳಿಗೇ ಡಿಕ್ಕಿ ಹೊಡೆದನಂತೆ. ಗುರುಗಳು ಗದರಿಸುವುದನ್ನು ಬಿಟ್ಟು, ಮೂತ್ರಾಂಗಗಳ ಶಸ್ತ್ರವೈದ್ಯ ವಿಭಾಗವನ್ನು ನೀನು ವಹಿಸಿಕೊಳ್ಳಬೇಕೆಂದರು. ನನಗೆ ಆ ವಿಷಯದಲ್ಲಿ ಏನೂ ತಿಳಿಯದೆಂದು ಆತನು ಹೇಳಿದನು. ತಿಳಿಯದೆಂಬುದು ನಮಗೂ ಗೊತ್ತು, ಕಲಿಯಬಲ್ಲೆಯೆಂಬ ನಂಬಿಕೆ ನಮಗಿದೆ ಎಂಬ ಅರ್ಥದ ಉತ್ತರ ಬಂದಿತು. ಈ ಪ್ರಸಂಗವನ್ನು ಯಂಗ್ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರು ಕಲಿತರು, ಕಲಿತುದು ಮಾತ್ರವಲ್ಲ, ಯೂರಾಲಜಿಯನ್ನು ಒಂದು ಸ್ವತಂತ್ರ ಶಾಖೆಯನ್ನಾಗಿ ಬೆಳೆಸಿದರು. ವಜ್ರಗಳ ಮೋಹಕ್ಕೆ ಹೆಸರಾಗಿದ್ದ ಬ್ರೇಡಿ ಎಂಬ ಧನಿಕನೊಬ್ಬನನ್ನು ೧೯೧೨ರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯಿಂದ ಅವರು ಪಾರುಮಾಡಿದುದರ ಫಲವಾಗಿ, ಅವನ ದಾನದಿಂದ ೧೯೧೫ರಲ್ಲಿ ಬ್ರೇಡಿ ಯೂರಾಲಜಿ ಸಂಸ್ಥೆಯು ಅಲ್ಲಿಯೇ ತಲೆಯೆತ್ತಿತು. ತೆರೆದ ಮೂತ್ರಕೋಶವನ್ನು ಮುಚ್ಚಿ, ಮಗು ಮೂತ್ರವನ್ನು ತಡೆದಿಟ್ಟುಕೊಳ್ಳುವಂತೆ ಮಾಡಿದ ಮೊದಲ ಸಫಲ ಪ್ರಯತ್ನವನ್ನು ೧೯೪೨ರಲ್ಲಿ ವರದಿ ಮಾಡಿದವರೂ ಇದೇ ಯಂಗ್. ಆ ರೋಗಿ ಒಬ್ಬ ಹುಡುಗಿ. ಆಗ ಅವರಿಗೆ ಎಪ್ಪತ್ತರ ಮೇಲೆ ವಯಸ್ಸು.

ಇಂದಿನ ಚಿಕಿತ್ಸೆ ಹುಟ್ಟಿದ ಗಳಿಗೆಯಿಂದಲೇ ಆರಂಭವಾಗುತ್ತದೆ, ಅದೂ ಶಸ್ತ್ರವೈದ್ಯನಿಂದಲ್ಲ, ಹೆರಿಗೆ ಮಾಡಿಸುವ ದಾದಿಯಿಂದ. ಹೊಕ್ಕುಳ ಬಳ್ಳಿಗೆ ಹಾಕುವ ಪ್ಲಾಸ್ಟಿಕ್ಕಿನ ಕ್ಲಿಪ್ಪು ಪಕ್ಕದಲ್ಲಿಯೇ ತೆರೆದುಕೊಂಡಿರುವ ಕೋಮಲವಾದ ಪೊರೆಗೆ ಉಜ್ಜಿ ಗಾಯಮಾಡುವುದರಿಂದ, ಬಳ್ಳಿಯನ್ನು ದಾರದಿಂದ ಕಟ್ಟಬೇಕು. ಪೊರೆಯ ಮೇಲೆ ಒಣ ಬಟ್ಟೆಯನ್ನೋ ಹತ್ತಿಯನ್ನೋ ಇಡಬಾರದು, ಅದು ಅಂಟಿಕೊಳ್ಳುತ್ತದೆ. ಉಪ್ಪುನೀರಿನಿಂದ, ಎಂದರೆ ಆಸ್ಪತ್ರೆಯ ಸಲೈನ್ ದ್ರವದಿಂದ, ತೇವವಾಗಿಟ್ಟು ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಬೇಕು. ಎಷ್ಟು ಸಣ್ಣ ವಿಷಯಗಳು! ಆದರೂ ತಾಲ್ಲೂಕು ಆಸ್ಪತ್ರೆಯ ಒಬ್ಬ ದಾದಿಗೆ ಇವು ತಿಳಿದಿದ್ದರೆ ಮುಂದಿನ ಮಹಾಶಸ್ತ್ರವೈದ್ಯನ ಕೆಲಸ ಅರ್ಧ ಹಗುರವಾಗುತ್ತದೆ. ಗರ್ಭದಲ್ಲಿರುವಾಗಲೇ ಸ್ಕ್ಯಾನಿಂಗಿನಲ್ಲಿ ಮೂತ್ರಕೋಶವು ತುಂಬುವುದೇ ಕಾಣದಿದ್ದರೆ ಅನುಮಾನಪಡಬಹುದು. ಮೂತ್ರಪಿಂಡಗಳೂ ಗರ್ಭದ ನೀರೂ ಸರಿಯಾಗಿಯೇ ಇರುವುದರಿಂದ ಇದು ಕಣ್ತಪ್ಪಿಹೋಗುವುದೂ ಉಂಟು.

ಶಸ್ತ್ರಕ್ರಿಯೆಯು ಹುಟ್ಟಿದ ಎಪ್ಪತ್ತೆರಡು ಗಂಟೆಗಳೊಳಗೆ ಆದರೆ ಒಂದು ಅನುಕೂಲವುಂಟು. ತಾಯಿಯ ಶರೀರದಿಂದ ಬಂದ ರಸಗಳ ಪ್ರಭಾವದಿಂದ ಶಿಶುವಿನ ಸೊಂಟದ ಎಲುಬುಗಳು ಆಗ ಇನ್ನೂ ಮೆತುವಾಗಿದ್ದು ಕೈಯಿಂದಲೇ ಕೂಡಿಸಲು ಬರಬಹುದು. ತಡವಾದರೆ, ಅಥವಾ ಅಂತರ ದೊಡ್ಡದಾಗಿದ್ದರೆ, ಮೂಳೆಯ ಶಸ್ತ್ರವೈದ್ಯನು ಎಲುಬನ್ನು ಕತ್ತರಿಸಿ ತಿರುಗಿಸಿ ಕೂಡಿಸಬೇಕು. ಈಗ ಕೆಲವು ಪ್ರಸಿದ್ಧ ಕೇಂದ್ರಗಳು ಬೇಕೆಂದೇ ಒಂದೆರಡು ತಿಂಗಳು ಕಾದು, ಎಲುಬನ್ನು ಕತ್ತರಿಸಿಯೇ ಮಾಡುತ್ತವೆ. ಯಾವುದು ಮೇಲೆಂಬ ಚರ್ಚೆ ಮುಗಿದಿಲ್ಲ. ಮೂತ್ರಕೋಶವನ್ನು ಸುತ್ತಲಿನಿಂದ ಬಿಡಿಸಿ, ಚೀಲವಾಗಿ ಮಡಿಸಿ ಹೊಲಿದು, ಸೊಂಟದ ಆಳಕ್ಕೆ ಇಳಿಸಿ, ಅದರ ಮುಂದೆ ಎಲುಬನ್ನೂ ಹೊಟ್ಟೆಯ ಗೋಡೆಯನ್ನೂ ಮುಚ್ಚುವುದು ಕ್ರಮ. ಬಾಲ್ಟಿಮೋರಿನ ಜೆಫ್ಸ್ ಮೊದಲಾದವರು ಇದನ್ನು ಹಂತಹಂತವಾಗಿ ಹಲವು ವರ್ಷಗಳಲ್ಲಿ ಮಾಡುವ ಪದ್ಧತಿಯನ್ನು ಬೆಳೆಸಿದರು. ಮಿಚೆಲ್ ಎಂಬ ಶಸ್ತ್ರವೈದ್ಯರು ೧೯೮೯ರಿಂದ ಬಹುಭಾಗವನ್ನು ಒಂದೇ ಸಲಕ್ಕೆ ಮಾಡುವ ಇನ್ನೊಂದು ಪದ್ಧತಿಯನ್ನು ಆಚರಣೆಗೆ ತಂದರು. ಬಳಿಕ ಮಗುವಿನ ಕಾಲುಗಳನ್ನು ಹಲವು ವಾರ ಜೋಡಿಸಿ ಹಿಡಿದಿಡಬೇಕು. ಆ ವಾರಗಳಲ್ಲಿ ಮಗು ಅತ್ತು ಹೊಟ್ಟೆ ಬಿಗಿಯದಂತೆ ನೋಡಿಕೊಳ್ಳುವುದು, ನೋವು ತಿಳಿಯದಂತೆ ಔಷಧ ಕೊಡುವುದು, ನಳಿಕೆಗಳು ಕಟ್ಟಿಕೊಳ್ಳದಂತೆ ಕಾಯುವುದು ಇವೆಲ್ಲ ಹೊಲಿಗೆಯಷ್ಟೇ ಮುಖ್ಯ.

ಇಲ್ಲಿಯೇ ಪಣವಿರುವುದು. ಮೂತ್ರಕೋಶವು ತುಂಬಿ ಬರಿದಾಗುವುದರಿಂದಲೇ ಬೆಳೆಯತಕ್ಕ ಅಂಗ. ಮೊದಲನೆಯ ಮುಚ್ಚುವಿಕೆಯು ನಿಂತರೆ ಅದು ಬೆಳೆಯುವ ಸಂಭವ ಹೆಚ್ಚು. ಹೊಲಿಗೆ ಬಿಟ್ಟು ಪುನಃ ತೆರೆದುಕೊಂಡರೆ ಎರಡನೆಯ ಸಲ ಮುಚ್ಚಬಹುದು. ಆದರೆ ಗಾಯದ ಕಲೆಯಿಂದ ಗಟ್ಟಿಯಾದ ಆ ಚೀಲವು ಮೊದಲಿನಂತೆ ಹಿಗ್ಗದು. ಮೂರನೆಯ ಸಲಕ್ಕೆ ಇನ್ನೂ ಕಷ್ಟ. ವಿದ್ಯಾರ್ಥಿಗಳು ಒಂದು ಸೂತ್ರವನ್ನು ನೆನಪಿಡಬಹುದು. ಆರೋಗ್ಯವಂತ ಮಗುವಿನ ವಯಸ್ಸಿಗೆ ಎರಡನ್ನು ಕೂಡಿ ಮೂವತ್ತರಿಂದ ಗುಣಿಸಿದರೆ ಅದರ ಮೂತ್ರಕೋಶದ ಅಳತೆಯು ಮಿಲಿಲೀಟರಿನಲ್ಲಿ ಸಿಗುತ್ತದೆ. ಐದು ವರ್ಷದ ಮಗುವಿಗೆ ೨೧೦. ತೆರೆದ ಮೂತ್ರಕೋಶವನ್ನು ಮುಚ್ಚಿದ ಮಗುವಿನಲ್ಲಿ ಐದನೆಯ ವಯಸ್ಸಿನ ಸುಮಾರಿಗೆ ನೂರು ಮಿಲಿಲೀಟರಾದರೂ ಬೆಳೆದಿದ್ದರೆ ಮಾತ್ರ, ಕೊರಳನ್ನು ಬಿಗಿಮಾಡಿ ಮೂತ್ರವನ್ನು ತಡೆದಿಡುವ ಮುಂದಿನ ಶಸ್ತ್ರಕ್ರಿಯೆಗೆ ಅವಕಾಶ. ಹುಟ್ಟಿದ ಮೂರನೆಯ ದಿನ ಯಾರೋ ಹಾಕಿದ ಹೊಲಿಗೆಯು ಐದನೆಯ ವರ್ಷದ ಭಾಗ್ಯವನ್ನು ನಿರ್ಣಯಿಸುತ್ತದೆ. ಆ ‘ಯಾರೋ’ ಎಂಬಾತನು ಈ ಕೆಲಸವನ್ನು ಎಷ್ಟು ಸಲ ಮಾಡಿದ್ದನೆಂದು ತಂದೆತಾಯಿಗಳು ಕೇಳಿದರೆ ತಪ್ಪೇನು?

ನಮ್ಮ ದೇಶದಲ್ಲಿ ಯೂರಾಲಜಿಯ ಶಿಕ್ಷಣಕ್ರಮವನ್ನು ಒಮ್ಮೆ ಎಣಿಸೋಣ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಅದರಲ್ಲಿ ಕೊನೆಯ ಒಂದು ವರ್ಷ ಆಸ್ಪತ್ರೆಯ ಸೇವೆ. ಬಳಿಕ ಸಾಮಾನ್ಯ ಶಸ್ತ್ರವೈದ್ಯದಲ್ಲಿ ಎಂ.ಎಸ್. ಮೂರು ವರ್ಷ. ಆಮೇಲೆ ಎಂ.ಸಿಎಚ್. ಮೂರು ವರ್ಷ. ಒಂದೊಂದರ ನಡುವೆಯೂ ಅಖಿಲಭಾರತ ಪ್ರವೇಶಪರೀಕ್ಷೆ. ಎಲ್ಲವೂ ಮೊದಲ ಯತ್ನದಲ್ಲಿಯೇ ಕೈಗೂಡಿದರೂ ಮೂವತ್ತರ ಹತ್ತಿರಕ್ಕೆ ವಯಸ್ಸು ಬಂದಿರುತ್ತದೆ. ಈ ಅವಧಿಯಲ್ಲಿ ಆತನ ಕೈ ಯಾವುದರಲ್ಲಿ ಪಳಗುತ್ತದೆ? ನಡುರಾತ್ರಿಯಲ್ಲಿ ಮೂತ್ರ ಕಟ್ಟಿ ನರಳುತ್ತ ಬಂದ ಮುದುಕನಿಗೆ ನಳಿಕೆ ಹಾಕುವುದರಲ್ಲಿ. ೧೮೭೯ರಲ್ಲಿ ನಿಟ್ಸೆ ಎಂಬ ಜರ್ಮನ್ ವೈದ್ಯನು ಲೋಕಕ್ಕೆ ತೋರಿಸಿದ ಸಿಸ್ಟೊಸ್ಕೋಪಿನ ವಂಶಕ್ಕೆ ಸೇರಿದ ದರ್ಶಕಗಳಿಂದ ಮೂತ್ರಕೋಶದ ಒಳಗನ್ನು ನೋಡುವುದರಲ್ಲಿ. ಕಲ್ಲನ್ನು ಒಡೆದು ತೆಗೆಯುವುದರಲ್ಲಿ. ಪ್ರಾಸ್ಟೇಟ್ ಗ್ರಂಥಿಯನ್ನು ಒಳಗಿನಿಂದಲೇ ಕೆರೆದು ತೆಗೆಯುವುದರಲ್ಲಿ. ಇವು ನೂರಾರು ಸಿಗುತ್ತವೆ. ಲಾಗ್ ಪುಸ್ತಕದ ಹಾಳೆಗಳು ತುಂಬುತ್ತವೆ. ತೆರೆದ ಮೂತ್ರಕೋಶದ ಹಾಳೆ ಮಾತ್ರ ಬರಿದಾಗಿರುತ್ತದೆ. ಈ ಮಕ್ಕಳು ನಮ್ಮಲ್ಲಿ ಬಹುಮಟ್ಟಿಗೆ ಶಿಶುಶಸ್ತ್ರವೈದ್ಯರ ಬಳಿಗೆ ಹೋಗುವುದರಿಂದ ಅನುಭವವು ಎರಡು ಶಾಖೆಗಳ ನಡುವೆ ಹಂಚಿಯೂ ಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಇಂಗ್ಲೆಂಡು ಹಿಡಿದ ದಾರಿ ನಿಷ್ಠುರವಾದುದು. ಅಲ್ಲಿ ಸರಕಾರದ ಆರೋಗ್ಯ ಸೇವೆಯು ಈ ಶಸ್ತ್ರಕ್ರಿಯೆಯನ್ನು ಎರಡೇ ಕೇಂದ್ರಗಳಿಗೆ ಸೀಮಿತಗೊಳಿಸಿದೆ, ಲಂಡನ್ನಿನಲ್ಲೊಂದು, ಮ್ಯಾಂಚೆಸ್ಟರಿನಲ್ಲೊಂದು. ಮಗು ದೇಶದ ಯಾವ ಮೂಲೆಯಲ್ಲಿ ಹುಟ್ಟಿದರೂ ಅಲ್ಲಿಗೆ ಹೋಗಬೇಕು. ರೋಗಿಗಳನ್ನು ಒಂದೆಡೆ ಕೂಡಿಸಿದರೆ ಅನುಭವವೂ ಕೂಡುತ್ತದೆಂಬುದು ಇದರ ತರ್ಕ. ಅಮೆರಿಕದಲ್ಲಿ ಬಾಸ್ಟನ್, ಫಿಲಡೆಲ್ಫಿಯ, ಮಿಲ್ವಾಕಿ ನಗರಗಳ ಮೂರು ಮಕ್ಕಳ ಆಸ್ಪತ್ರೆಗಳು ೨೦೧೩ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡುವು. ಒಂದು ಕಡೆ ಮಗು ಬಂದರೆ ಉಳಿದೆರಡು ಕಡೆಯ ಶಸ್ತ್ರವೈದ್ಯರೂ ಅಲ್ಲಿಗೆ ಹೋಗುತ್ತಾರೆ, ಇಲ್ಲವೆ ದೂರದಿಂದ ವೀಡಿಯೋ ಮೂಲಕ ನೋಡುತ್ತ ಸಲಹೆ ಕೊಡುತ್ತಾರೆ. ಹಿರಿಯ ಪ್ರಾಧ್ಯಾಪಕನೊಬ್ಬನು ತನ್ನ ಸಮಾನರ ಎದುರಿನಲ್ಲಿ ನಿಂತು, ಅಲ್ಲಿ ಇನ್ನೂ ಕೊಂಚ ಆಳಕ್ಕೆ ಬಿಡಿಸು ಎಂಬ ಮಾತನ್ನು ಕೇಳಿಸಿಕೊಳ್ಳುವುದು ಸುಲಭವಲ್ಲ. ಶಸ್ತ್ರವೈದ್ಯರ ಅಭಿಮಾನವನ್ನು ಬಲ್ಲವರಿಗೆ ಶಸ್ತ್ರಕ್ರಿಯೆಗಿಂತಲೂ ಇದೇ ದೊಡ್ಡ ಸಾಹಸವೆಂದು ತೋರಿದರೆ ಆಶ್ಚರ್ಯವಿಲ್ಲ.

ನಮ್ಮ ದೇಶದಲ್ಲಿ ಹೆಸರಿಸತಕ್ಕ ಪ್ರಯತ್ನವು ಅಹಮದಾಬಾದಿನ ಸಿವಿಲ್ ಆಸ್ಪತ್ರೆಯದು. ೨೦೦೯ರಿಂದ ಅಲ್ಲಿನ ಶಿಶುಶಸ್ತ್ರವೈದ್ಯರೂ ಫಿಲಡೆಲ್ಫಿಯ ಮೊದಲಾದ ಕಡೆಗಳ ಯೂರಾಲಜಿಸ್ಟರೂ ಕೂಡಿ ಈ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಶಿಬಿರವನ್ನು ನಡೆಸುತ್ತ ಬಂದಿದ್ದಾರೆ. ದೂರದೂರದ ರಾಜ್ಯಗಳಿಂದ ತಂದೆತಾಯಿಗಳು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅವರಲ್ಲಿ ನವಜಾತ ಶಿಶುಗಳಿಗಿಂತ ತಡವಾಗಿ ಬಂದವರೂ, ಬೇರೆಡೆ ಮುಚ್ಚಿದ್ದು ಬಿಟ್ಟುಹೋದವರೂ ಬಹಳ. ಬೇರೆಡೆ ವರ್ಷವಿಡೀ ಕಾಣದಷ್ಟನ್ನು ಕೆಲವೇ ದಿನಗಳಲ್ಲಿ ಇಲ್ಲಿ ಕಾಣಬಹುದಾದುದರಿಂದ ಕಲಿಯುವವರಿಗೂ ಇದು ಅಪೂರ್ವ ಪಾಠಶಾಲೆ. ಇಲ್ಲಿ ಅಮೆರಿಕದವರು ಕಲಿಸುವವರು, ನಮ್ಮವರು ಕಲಿಯುವವರು ಎಂದು ತಿಳಿಯಕೂಡದು. ಪಾಠ ಎರಡು ಕಡೆಗೂ ಹರಿದಿದೆ. ಶಿಬಿರಗಳೆಂದರೆ ಸಾಮಾನ್ಯವಾಗಿ ನಮಗೆ ಅನುಮಾನವೇ. ಹೊರಗಿನಿಂದ ಬಂದವರು ಕೊಯ್ದು ಹೊಲಿದು ವಿಮಾನವೇರಿದ ಮೇಲೆ ಜ್ವರ ಬಂದರೆ ನೋಡುವವರಾರು? ಅಹಮದಾಬಾದಿನಲ್ಲಿ ಅದನ್ನು ನೋಡುವವರು ವರ್ಷವೆಲ್ಲ ಅಲ್ಲಿಯೇ ಇರುವ ಸರಕಾರಿ ಆಸ್ಪತ್ರೆಯ ವೈದ್ಯರು. ಅದೇ ವೈದ್ಯರ ಬಳಿಗೆ ಮಕ್ಕಳು ವರ್ಷವರ್ಷವೂ ಹಿಂದಿರುಗುವುದರಿಂದ ಫಲಾಫಲಗಳ ಲೆಕ್ಕವೂ ಸಿಗುತ್ತದೆ.

ಮೂತ್ರಕೋಶವು ಎಷ್ಟು ಮಾಡಿದರೂ ಬೆಳೆಯದ ಮಕ್ಕಳಿಗೂ ದಾರಿಯಿಲ್ಲದೆ ಇಲ್ಲ. ಕರುಳಿನ ತುಂಡೊಂದನ್ನು ಬಿಡಿಸಿ ಮೂತ್ರಕೋಶಕ್ಕೆ ತೇಪೆಯಾಗಿ ಹೊಲಿದು ಅದನ್ನು ದೊಡ್ಡದು ಮಾಡಬಹುದು. ಫ್ರಾನ್ಸಿನ ಮಿತ್ರೊಫಾನೊಫ್ ಎಂಬ ವೈದ್ಯರು ೧೯೮೦ರಲ್ಲಿ ಪ್ರಕಟಿಸಿದ ಯುಕ್ತಿಯಂತೆ, ನಿರುಪಯೋಗಿಯೆಂದು ಹೆಸರಾದ ಅಪೆಂಡಿಕ್ಸನ್ನೇ ಮೂತ್ರಕೋಶದಿಂದ ಹೊಕ್ಕುಳವರೆಗೆ ಸಣ್ಣ ಕೊಳವೆಯಾಗಿ ಜೋಡಿಸಬಹುದು. ಮಗುವು ದಿನಕ್ಕೆ ನಾಲ್ಕೈದು ಸಲ ಆ ರಂಧ್ರದ ಮೂಲಕ ತಾನೇ ನಳಿಕೆ ಹಾಕಿ ಮೂತ್ರವನ್ನು ಹೊರತೆಗೆದುಕೊಳ್ಳುತ್ತದೆ. ಇದಕ್ಕೆ ಶಸ್ತ್ರಾಗಾರದ ನಿರ್ಜಂತುಕ ಏರ್ಪಾಡು ಬೇಡ, ಸಾಬೂನಿನಿಂದ ತೊಳೆದ ಕೈಯೂ ಶುಚಿಯಾದ ನಳಿಕೆಯೂ ಸಾಕು. ಹೀಗೆಂದು ೧೯೭೨ರಲ್ಲಿ ಅಮೆರಿಕದ ಲಪಿಡಿಸ್ ಎಂಬವರು ಹೇಳಿದಾಗ ಹಲವರು ನಂಬಲಿಲ್ಲ. ಬಡದೇಶಗಳ ಮಕ್ಕಳಿಗೆ ಅದರಷ್ಟು ಉಪಕಾರವಾದ ಸಂಶೋಧನೆ ಈ ಶಾಖೆಯಲ್ಲಿ ಕಡಿಮೆ. ಕರುಳಿನ ತೇಪೆ ಹಾಕಿದವರು ಒಳಗೆ ಕೂಡುವ ಲೋಳೆಯನ್ನು ಆಗಾಗ ನೀರು ಹಾಯಿಸಿ ತೊಳೆಯಬೇಕು, ಇಲ್ಲವಾದರೆ ಕಲ್ಲು ಕಟ್ಟುತ್ತದೆ.

ಈ ಮಕ್ಕಳು ಬೆಳೆಯುತ್ತಾರೆ, ಓದುತ್ತಾರೆ, ಉದ್ಯೋಗಕ್ಕೆ ಸೇರುತ್ತಾರೆ, ಮದುವೆಯಾಗುತ್ತಾರೆ. ಹೆಂಗಸರು ಗರ್ಭಿಣಿಯರಾಗುವುದೂ ಉಂಟು. ಹಿಂದೆ ಮಾಡಿದ ಹೊಲಿಗೆಗಳು ಕೆಡದಿರಲೆಂದು ಹೆರಿಗೆಯನ್ನು ಹೊಟ್ಟೆ ಕೊಯ್ದು ಮಾಡಿಸುವುದು ವಾಡಿಕೆ, ಆ ದಿನ ಶಸ್ತ್ರಾಗಾರದಲ್ಲಿ ಹೆರಿಗೆವೈದ್ಯರ ಪಕ್ಕದಲ್ಲಿ ಯೂರಾಲಜಿಸ್ಟನೂ ಇರುವುದು ಒಳ್ಳೆಯದು. ಇವರ ಸಂತಾನದಲ್ಲಿ ಸುಮಾರು ಎಪ್ಪತ್ತಕ್ಕೆ ಒಬ್ಬರಿಗೆ ಈ ದೋಷವು ಮರುಕಳಿಸಬಹುದೆಂದು ಲೆಕ್ಕ ಹಾಕಿದ್ದಾರೆ. ಉಳಿದ ಅರವತ್ತೊಂಬತ್ತು ಮಂದಿಗೆ ಇಲ್ಲ. ವರ್ಷಕ್ಕೊಮ್ಮೆ ಮೂತ್ರಪಿಂಡಗಳ 
ಪರೀಕ್ಷೆ ಆಯುಷ್ಯವಿಡೀ ತಪ್ಪದು. ಮಕ್ಕಳ ಆಸ್ಪತ್ರೆಯು ಇವರನ್ನು ಹದಿನೆಂಟರ ಬಳಿಕ ನೋಡುವುದಿಲ್ಲ. ದೊಡ್ಡವರ ಆಸ್ಪತ್ರೆಯ ಯೂರಾಲಜಿಸ್ಟನಾದರೋ ಅಪೆಂಡಿಕ್ಸಿನ ಕೊಳವೆಯನ್ನು ಎಂದೂ ಕಂಡಿರುವುದಿಲ್ಲ. ಆದುದರಿಂದ ಈ ವಯಸ್ಕ ರೋಗಿಗಳನ್ನು ನೋಡಿಕೊಳ್ಳುವ ವಿದ್ಯೆಯನ್ನೂ ತರುಣವೈದ್ಯರಿಗೆ ಪ್ರತ್ಯೇಕವಾಗಿ ಕಲಿಸುವ ವ್ಯವಸ್ಥೆಯು ಕೆಲವು ದೇಶಗಳಲ್ಲಿ ಈಚೆಗೆ ಆರಂಭವಾಗಿದೆ. ಅಂಥ ತರುಣವೈದ್ಯರಿಗೆ ಮೊದಲ ಪಾಠ ಹೇಳುವವರು ಎಷ್ಟೋ ಸಲ ರೋಗಿಗಳೇ. ಯಾವ ಅಳತೆಯ ನಳಿಕೆ, ಯಾವ ಕೋನದಲ್ಲಿ ಹಾಕಬೇಕು, ಎಲ್ಲಿ ತಡೆಯುತ್ತದೆ ಎಂಬುದು ಇಪ್ಪತ್ತು ವರ್ಷ ದಿನಕ್ಕೆ ನಾಲ್ಕು ಸಲ ಅದನ್ನು ಮಾಡಿದವರಿಗಲ್ಲದೆ ಇನ್ನಾರಿಗೆ ತಿಳಿದೀತು?